ಜೋಯಿಸನ ತಾರೀಖು

"ನನ್ನ ಕಡೆಯಿಂದ ಒಂದು ತಪ್ಪೂ ಇಲ್ಲ ಗುರುಗಳೇ. ಆದರೂ ನನ್ನ ಪ್ರಾರ್ಥನೆ ಯಾಕೆ ತಲುಪುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಈ ಶಿಷ್ಯ ಅಣ್ಣನ ಮೇಲೆ ಮುನಿಸಿಕೊಂಡು ಮನೆ ಬಿಟ್ಟು ಬಂದವನು. ದಿನಾ ಬೆಳಿಗ್ಗೆ ಅಣ್ಣನಿಗೆ ಒಳ್ಳೆಯದಾಗಲಿ ಎಂದು ಜಪ ಮಾಡುತ್ತಾನಂತೆ. ಮಂತ್ರ ತಪ್ಪಿಲ್ಲ, ಆಸನ ತಪ್ಪಿಲ್ಲ, ಸ್ನಾನ ತಪ್ಪಿಲ್ಲ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ, ಅಣ್ಣನ ಕಡೆಯಿಂದ ಒಂದು ಮಾತಿಲ್ಲ. ಅವತ್ತು ಅಷ್ಟು ಜನರ ಮುಂದೆ ಅಣ್ಣ ಹಾಗೆ ಅಂದಮೇಲೂ ತಾನು ಅವನ ಒಳಿತನ್ನೇ ಬಯಸುತ್ತಿದ್ದೇನೆ, ಇದಕ್ಕಿಂತ ಹೆಚ್ಚು ಇನ್ನೇನು ಮಾಡಬೇಕು ಎಂದು ಅವನ ಅಳಲು.

"ಅವತ್ತು ಅಂದರೆ ಯಾವತ್ತು?" ಎಂದರು ಗುರು.

ಶಿಷ್ಯ ತಡವರಿಸದೆ ತಿಂಗಳು, ತಾರೀಖು, ವಾರ, ಹೊತ್ತು ಎಲ್ಲವನ್ನೂ ಹೇಳಿದ. ಗುರು ತಲೆಯಾಡಿಸಿದರು. ಒಂದು ಬೊಗಸೆ ಕಾಯನ್ನು ಅವನ ಮುಂದೆ ಸುರಿದು, ಕೈ ಖಾಲಿ ಇದೆಯಲ್ಲ, ನೀನೂ ಸುಲಿ ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಜೋಯಿಸನಿದ್ದ. ಮದುವೆ, ಮುಂಜಿ, ಬಾವಿ ತೋಡುವುದು, ಅಂಗಡಿ ತೆರೆಯುವುದು, ಯಾವುದೇ ಇರಲಿ, ಆ ಪೇಟೆಯವರು ಅವನನ್ನು ಕೇಳದೆ ದಿನ ಇಡುತ್ತಿರಲಿಲ್ಲ. ಸುಳ್ಳು ಹೇಳುವವನಲ್ಲ, ದಕ್ಷಿಣೆಗೆ ಬಾಯಿ ಬಿಡುವವನಲ್ಲ. ಅವನಲ್ಲಿ ಕೆಟ್ಟದ್ದು ಅಂದರೆ ಒಂದೇ ಗುಣ. ತನ್ನ ಕೆಲಸದಲ್ಲಿ ದೋಷವಿದೆ ಎಂದು ಯಾರಾದರೂ ಅಂದುಬಿಟ್ಟರೆ ಅವನಿಗೆ ಅವತ್ತು ಅನ್ನ ಇಳಿಯುತ್ತಿರಲಿಲ್ಲ.

ತಂದೆ ತಾಯಿ ಬೇಗ ಹೋದರು. ತಂಗಿ ಪದ್ಮಾವತಿಯನ್ನು ಅವನೇ ಸಾಕಿದ. ಪದ್ದಿ ಎಂದು ಕರೆಯುತ್ತಿದ್ದ. ಅವಳಿಗೆ ಜಡೆ ಹಾಕುವುದನ್ನೂ ಕಲಿತಿದ್ದ. ತನಗೊಂದು ಮದುವೆ ಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಪದ್ದಿಯ ಮದುವೆಗೆ ಅವನೇ ಮುಹೂರ್ತ ಇಟ್ಟ. ವೈಶಾಖ ಶುದ್ಧ ತ್ರಯೋದಶಿ, ಹಸ್ತಾ ನಕ್ಷತ್ರ. ಇಂಥ ದಿನ ಮತ್ತೆ ಸಿಗುವುದಿಲ್ಲ ಎಂದು ಬೀಗರ ಮುಂದೆ ಎದೆ ತಟ್ಟಿಕೊಂಡ. ವರ್ಷ ತುಂಬುವುದರೊಳಗೆ ಅವಳ ಗಂಡ ಬಸ್ಸು ಮಗುಚಿ ಸತ್ತ. ಅವಳ ಹೊಟ್ಟೆಯಲ್ಲಿ ಕೂಸಿತ್ತು.

ಅವಳು ಅಣ್ಣನ ಮನೆಗೆ ಬಂದಳು. ಹೊಸಿಲು ದಾಟುವ ಮೊದಲೇ ಕುಸಿದು ಕೂತಳು. "ಊರಿಗೆಲ್ಲ ಒಳ್ಳೆ ದಿನ ಹುಡುಕಿ ಕೊಟ್ಟೆಯಲ್ಲ ಅಣ್ಣ, ನನಗೊಂದು ಸಿಗಲಿಲ್ವಾ?" ಎಂದಳು.

ಅದು ಪ್ರಶ್ನೆಯಲ್ಲ ಕಣಯ್ಯಾ, ಸಂಕಟ. ಸಂಕಟ ಬಂದಾಗ ಮನುಷ್ಯರು ತಮ್ಮವರ ಮೇಲೇ ಬೀಳುವುದು. ಸುಮ್ಮನೆ ತಲೆ ಸವರಿದ್ದರೆ ಸಾಕಿತ್ತು. ನಮ್ಮ ಜೋಯಿಸ ಏನು ಮಾಡಿದ? ಒಳಗೆ ಹೋಗಿ ಪಂಚಾಂಗ ತಂದ! ಅಳುತ್ತಿದ್ದವಳ ಮುಂದೆ ಬಿಡಿಸಿಟ್ಟು, ತಿಥಿ ನೋಡು, ಲಗ್ನ ನೋಡು, ಗುರುಬಲ ನೋಡು ಎಂದು ಒಂದೊಂದನ್ನೇ ತೋರಿಸಿದ. ಕೊನೆಗೆ ಆಡಬಾರದ ಮಾತೊಂದನ್ನು ಆಡಿದ. "ಮುಹೂರ್ತದಲ್ಲಿ ದೋಷ ಇಲ್ಲ ಪದ್ದಿ. ದೋಷ ಇರೋದು ನಿನ್ನ ಹಣೇಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅಳುವುದನ್ನು ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ತಂದಿದ್ದ ಚೀಲವನ್ನು ಹಾಗೇ ಎತ್ತಿಕೊಂಡು, ಬಂದ ದಾರಿಯಲ್ಲೇ ನಡೆದಳು. ಪುಣೆಯಲ್ಲಿ ಗಂಡನ ಅಕ್ಕ ಇದ್ದಳು, ಅಲ್ಲಿಗೆ ಹೋದಳು. ಹೆಣ್ಣು ಮಗು ಹುಟ್ಟಿತು, ಮೇದಿನಿ ಎಂದು ಹೆಸರಿಟ್ಟಳು ಎಂಬ ಸುದ್ದಿ ಬೇರೆಯವರ ಬಾಯಿಂದ ಬಂತು. ಅವಳು ಮತ್ತೆ ಆ ಹೊಸಿಲಿಗೆ ಬರಲಿಲ್ಲ, ಇವನೂ ಹೋಗಲಿಲ್ಲ.

ಹೋಗಲಿಲ್ಲ ಅಂದರೆ ಮರೆತ ಅಂತಲ್ಲ. ಆ ಮಾತು ಅವನಿಗೆ ದಿನಾ ನೆನಪಾಗುತ್ತಿತ್ತು. ಆಗ ಅವನು ತಂಗಿಯ ಹತ್ತಿರ ಹೋಗಬೇಕಿತ್ತು. ಅದರ ಬದಲು ಆ ದಿನದ ಹತ್ತಿರ ಹೋಗುತ್ತಿದ್ದ. ಆ ವೈಶಾಖ ಶುದ್ಧ ತ್ರಯೋದಶಿಯನ್ನು ತೆಗೆದು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದ. ದೋಷ ಸಿಗುತ್ತಿರಲಿಲ್ಲ. ಸಿಕ್ಕಿದ್ದರೆ ಹೋಗಿ ಅವಳ ಕಾಲಿಗೆ ಬೀಳುತ್ತಿದ್ದನೋ ಏನೋ. ಸಿಗಲಿಲ್ಲವಲ್ಲ, ಹಾಗಾಗಿ ಮನೆಯಲ್ಲೇ ಕೂತ.

ಕಾಲ ಬದಲಾಯಿತು, ಜೋಯಿಸನ ಮನೆಗೂ ಲ್ಯಾಪ್‌ಟಾಪು ಬಂತು. ದೇವರ ಮನೆಯ ಪಕ್ಕದ ಗೂಡಿನಲ್ಲಿ ವೈಫೈ ಪೆಟ್ಟಿಗೆ ಕೂತಿತು. ದೂರದ ಊರಿನವರು ಪರದೆಯ ಮೇಲೆ ಮುಖ ತೋರಿಸಿ ಜಾತಕ ಕೇಳತೊಡಗಿದರು. ಅವನ ಕೈಯಲ್ಲಿದ್ದ ಫೋನು ಮಾತ್ರ ಗುಂಡಿ ಒತ್ತುವ ಹಳೆಯದು, ಅದರಲ್ಲಿ ಮುಖ ಕಾಣುತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಯಾರೋ ಒಂದು ಪಂಚಾಂಗ ಹಾಕಿಕೊಟ್ಟಿದ್ದರು. ಅದೂ ಹಳೆಯದೇ. ತೆರೆದರೆ ಯಂತ್ರದ ಗಡಿಯಾರ ಯಾವ ದಿನದಲ್ಲಿದೆಯೋ ಆ ದಿನದ ತಿಥಿ, ನಕ್ಷತ್ರ ಮಾತ್ರ ತೋರಿಸುತ್ತಿತ್ತು. ಬೇರೆ ದಿನ ಬೇಕಾದರೆ ಯಂತ್ರದ ತಾರೀಖನ್ನೇ ಹಿಂದಕ್ಕೆ ತಿರುಗಿಸಿ, ಕೆಲಸ ಮುಗಿದ ಮೇಲೆ ಮತ್ತೆ ಇವತ್ತಿಗೆ ತಂದಿಡಬೇಕು. ಯಂತ್ರ ತಾನಾಗಿ ತಾರೀಖು ತಿದ್ದಿಕೊಂಡು ಅಡ್ಡಿ ಮಾಡಬಾರದೆಂದು ಅದರ ಆ ಗುಣವನ್ನು ಅವನು ಯಾವತ್ತೋ ಕಟ್ಟಿಹಾಕಿದ್ದ.

ಒಂದು ಆಷಾಢದ ಸೋಮವಾರ ಅವನ ಫೋನು ಬಡಿದುಕೊಂಡಿತು. ಅವನು ಎಂದೂ ಕೇಳದ ದನಿ. ಮಾವ, ನಾನು ಮೇದಿನಿ ಎಂದಿತು. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಗಂಟಲಿಗೆ ಕೊಳವೆ ಹಾಕಿದ್ದಾರೆ, ಮಾತು ನಿಂತಿದೆ, ಕಣ್ಣು ಕಿವಿ ಚೆನ್ನಾಗಿವೆ, ಹೆಚ್ಚು ದಿನ ಇಲ್ಲ ಎಂದು ಹೇಳಿದ್ದಾರೆ ಎಂದಳು. ಬೆಳಿಗ್ಗೆ ಅಮ್ಮ ತನ್ನ ಅಂಗೈ ಹಿಡಿದುಕೊಂಡು ಬೆರಳಿನಿಂದ 'ಅಣ್ಣ' ಎಂದು ಬರೆದಳಂತೆ. ಅದಕ್ಕೇ ಎಲ್ಲೆಲ್ಲೋ ಕೇಳಿ ನಂಬರು ಹುಡುಕಿದಳಂತೆ.

ಹೊರಡುತ್ತೇನೆ ಎನ್ನುವುದು ಜೋಯಿಸನ ಬಾಯಿಗೆ ಬಂದಿತ್ತು. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಹೋಯಿತು. ಸಂಜೆಗೆ ಬಸ್ಸಿಲ್ಲ, ಮಂಗಳವಾರ ಬುಧವಾರ ಉತ್ತರ ದಿಕ್ಕಿಗೆ ಶೂಲೆ, ಹೊರಡುವಂತಿಲ್ಲ, ಗುರುವಾರ ಬೆಳಿಗ್ಗೆಯೇ ಹೊರಟುಬಿಡುತ್ತೇನೆ ಮಗಳೇ ಎಂದ. ಸಾಯುವವರ ಮನೆಗೆ ಶೂಲೆ ನೋಡಿಕೊಂಡು ಹೊರಟವನು ಇವನೊಬ್ಬನೇ ಇರಬೇಕು! ಮೇದಿನಿ, ಹಾಗಾದರೆ ನಾಳೆ ನಾಲ್ಕು ಗಂಟೆಗೆ ನನ್ನನ್ನು ಒಳಗೆ ಬಿಡುತ್ತಾರೆ, ಲ್ಯಾಪ್‌ಟಾಪಿನಲ್ಲಿ ಬನ್ನಿ, ಅಮ್ಮ ನಿಮ್ಮ ಮುಖವನ್ನಾದರೂ ನೋಡಲಿ ಎಂದಳು. ಮಂಗಳವಾರ ನಾಲ್ಕು ಗಂಟೆ ಎಂದರೆ ರಾಹುಕಾಲ. ನಾಲ್ಕೂವರೆಯ ಮೇಲೆ ಆಗುವುದಿಲ್ಲವೇ ಎಂದು ಕೇಳಿದ. ಆಸ್ಪತ್ರೆಯವರು ಪಂಚಾಂಗ ನೋಡುವುದಿಲ್ಲ ಮಾವ ಎಂದಳು ಹುಡುಗಿ.

ಆ ಸಂಜೆ ಅವನು ದೀಪ ಹಚ್ಚಿ ಲ್ಯಾಪ್‌ಟಾಪಿನ ಮುಂದೆ ಕೂತ. ನಾಳೆ ಅವಳ ಮುಖ ನೋಡಬೇಕು. ಏನು ಹೇಳಬೇಕು? ಕೈ ತಾನಾಗಿ ತಾರೀಖು ತಿರುಗಿಸಿತು. ಮತ್ತೆ ಆ ದಿನಕ್ಕೆ ಹೋದ. ಮತ್ತೆ ಲಗ್ನ, ಮತ್ತೆ ನಕ್ಷತ್ರ. ಮತ್ತೆ ದೋಷವಿಲ್ಲ. ನೋಡುತ್ತ ನೋಡುತ್ತ ಅವನಿಗೆ ಒಮ್ಮೆಲೇ ಅಸಹ್ಯವಾಯಿತು. ದೋಷ ಇಲ್ಲದಿದ್ದರೆ ಏನಂತೆ, ಆ ಮಾತು ನಾನೇ ತಾನೇ ಆಡಿದ್ದು ಅನ್ನಿಸಿತು. ಇಷ್ಟು ವರ್ಷಕ್ಕೆ ಮೊದಲ ಸಲ ಹಾಗೆ ಅನ್ನಿಸಿದ್ದು. ಮುಚ್ಚಳವನ್ನು ಪಟ್ಟನೆ ಮುಚ್ಚಿ, ಅದರ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತ.

ಮಂಗಳವಾರ ಬೆಳಿಗ್ಗೆಯಿಂದ ಅವನ ಬಾಯಲ್ಲಿ ಒಂದೇ ಮಾತು. ತಪ್ಪು ನಂದು ಪದ್ದಿ, ನಿನ್ನ ಹಣೇಲಿ ಯಾವ ದೋಷವೂ ಇಲ್ಲ. ಸ್ನಾನ ಮಾಡುವಾಗ ಅಂದುಕೊಂಡ, ಅನ್ನಕ್ಕಿಡುವಾಗ ಅಂದುಕೊಂಡ. ದನಿ ನಡುಗದಂತೆ ಹೇಳಲು ಕಲಿತ. ಗಡ್ಡ ತೆಗೆದು, ಮಡಿ ಪಂಚೆ ಉಟ್ಟು, ಗಂಟೆಗೆ ಮೊದಲೇ ಮುಚ್ಚಳ ತೆರೆದು ಕೂತ.

ಮೇದಿನಿ ಹಿಂದಿನ ದಿನವೇ ಲ್ಯಾಪ್‌ಟಾಪಿಗೆ ಕಳಿಸಿದ್ದ ಕರೆಯ ಕೊಂಡಿ ತೆರೆಯಲಿಲ್ಲ. ವೈಫೈಯ ಗುರುತು ಮೂಲೆಯಲ್ಲಿ ತುಂಬಿಕೊಂಡೇ ನಿಂತಿತ್ತು, ಆದರೆ ಪುಟ ಬರಲಿಲ್ಲ. ಈ ಸಂಪರ್ಕ ನಂಬುವಂಥದ್ದಲ್ಲ ಎಂದು ಒಂದು ಬರಹ ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಇತ್ತು. ಓದುವಷ್ಟು ತಾಳ್ಮೆ ಯಾರಿಗಿದೆ? ಮುಚ್ಚಿ ಮತ್ತೆ ತೆರೆದ. ಅದೇ ಬಂತು.

ಅವನು ಎದ್ದು ಹೋಗಿ ಗೂಡಿನ ಪೆಟ್ಟಿಗೆಯ ತಂತಿ ಕಿತ್ತು, ಸ್ವಲ್ಪ ತಡೆದು, ಮತ್ತೆ ಸಿಕ್ಕಿಸಿದ. ದೀಪಗಳು ಒಂದೊಂದೇ ಹೊತ್ತಿಕೊಂಡವು. ಬರಲಿಲ್ಲ. ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕಿದ. ವೈಫೈ ಹಿಡಿಯಿತು, ಪುಟ ಬರಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಪೆಟ್ಟಿಗೆಗೆ ತಾಗಿಸಿ ಇಟ್ಟ. ಗೂಡಿನಲ್ಲಿದ್ದ ಹಿತ್ತಾಳೆ ತಂಬಿಗೆ ಅಡ್ಡವಾಯಿತೇನೋ ಎಂದು ಅದನ್ನು ತೆಗೆದ. ಯಂತ್ರವನ್ನೇ ಆರಿಸಿ ಹೊತ್ತಿಸಿದ. ಕಂಪನಿಯವರಿಗೆ ಫೋನು ಮಾಡಿದ. ಅಲ್ಲಿಯ ಹೆಂಗಸು ಪರೀಕ್ಷೆ ಮಾಡಿ, ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಸರ್ ಎಂದಳು. ನನ್ನ ಕಡೆಯಿಂದಲೂ ಎಲ್ಲ ಸರಿಯಾಗಿದೆ ಎಂದು ಇವನು ಕೂಗಿದ. ರಾಹುಕಾಲದ್ದೇ ಕಾಟ ಎಂದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ಆಕಾಶವೇ ಡೊಂಕು ಅಂದ.

ಕೂಗು ಕೇಳಿ ಪಕ್ಕದ ಮನೆಯ ಹಾಲಪ್ಪ ಮೇಷ್ಟ್ರು ಬಂದರು. ವಿಷಯ ತಿಳಿದು ತಮ್ಮ ಫೋನಿಗೆ ಇವನ ವೈಫೈ ಹಾಕಿ ನೋಡಿದರು. ಚಕ್ಕನೆ ಬಂತು. "ನನ್ನ ಫೋನಿಗೆ ಬರ್ತಿದೆಯಲ್ಲ ಜೋಯಿಸರೇ. ದೋಷ ನಿಮ್ಮದರಲ್ಲೇ ಇದೆ. ತಗೊಳ್ಳಿ, ಇದರಲ್ಲೇ ಮಾತಾಡಿ" ಎಂದು ಫೋನು ಚಾಚಿದರು.

ನೋಡು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ತಂಗಿಯ ಮುಖ ಇತ್ತು. ಆದರೆ ಜೋಯಿಸನ ಕಿವಿಗೆ ಬಿದ್ದದ್ದು ಒಂದೇ ಮಾತು, ದೋಷ ನಿಮ್ಮದರಲ್ಲೇ ಇದೆ. ಹಳೆಯ ಹುಣ್ಣಿಗೆ ಬೆರಳು ತಾಗಿತು. ನನ್ನದರಲ್ಲಿ ಯಾವ ದೋಷವೂ ಇಲ್ಲ ಮೇಷ್ಟ್ರೇ, ನಿನ್ನೆವರೆಗೂ ಸರಿಯಾಗೇ ಇತ್ತು, ನಮ್ಮ ಮನೆಯ ಮಾತನ್ನು ಕಂಡವರ ಫೋನಿನಲ್ಲಿ ಆಡುವ ಗತಿ ನನಗೆ ಬಂದಿಲ್ಲ ಎಂದುಬಿಟ್ಟ. ಮೇಷ್ಟ್ರು ಒಳ್ಳೆಯವರು, ಜಗಳಕ್ಕೆ ನಿಲ್ಲಲಿಲ್ಲ. ಫೋನು ಜೇಬಿಗಿಟ್ಟುಕೊಂಡು ಹೋದರು.

ಅಷ್ಟರಲ್ಲಿ ಇವನ ಗುಂಡಿ ಫೋನು ಬಡಿದುಕೊಂಡಿತು. ಮೇದಿನಿ ಅಳುತ್ತಿದ್ದಳು. ಹೊತ್ತಾಯಿತು ಮಾವ, ಹೊರಗೆ ಹೋಗು ಎನ್ನುತ್ತಿದ್ದಾರೆ, ಅಮ್ಮ ಆಗಿಂದ ಕಪ್ಪು ಪರದೆಯನ್ನೇ ನೋಡುತ್ತಿದ್ದಾಳೆ, ಮುಖ ಬೇಡ, ದನಿಯನ್ನಾದರೂ ಕೇಳಿಸಿ, ಕಿವಿಗೆ ಹಿಡಿಯುತ್ತೇನೆ ಎಂದಳು.

ಹಿಡಿದಳು. ಇವನು ಫೋನನ್ನು ಹೆಗಲು ಕಿವಿಯ ನಡುವೆ ಸಿಕ್ಕಿಸಿಕೊಂಡಿದ್ದ. ಎರಡು ಕೈಯೂ ಕೀಲಿಗಳ ಮೇಲೇ ಇದ್ದವು. ಅತ್ತಲಿಂದ ಕೊಳವೆಯ ಮೂಲಕ ಎಳೆಯುವ ಉಸಿರು ಕೇಳಿಸಿತು. ಅದು ಪದ್ದಿಯ ಉಸಿರು. ಬೆಳಗಿನಿಂದ ಕಲಿತ ಮಾತು ಗಂಟಲವರೆಗೆ ಬಂದಿತ್ತು. ಪರದೆಯ ಮೇಲೆ ಏನೋ ತಿರುಗುತ್ತಿತ್ತು, ಇನ್ನೇನು ಬಂದೀತು ಅನ್ನಿಸಿತು. ಮುಖ ನೋಡಿಯೇ ಹೇಳೋಣ ಎಂದುಕೊಂಡ.

"ಪದ್ದಿ, ನೆಟ್ ಬರ್ತಿಲ್ಲ ಕಣೆ. ಒಂದು ನಿಮಿಷ ತಾಳು" ಎಂದ.

ಅಷ್ಟೇ. ಆಮೇಲೆ ಅತ್ತ ಯಾರೋ ಗದರಿದ ಸದ್ದು, ಮೇದಿನಿ ಏನೋ ಬೇಡಿಕೊಂಡ ಸದ್ದು, ಫೋನು ಕಡಿದುಹೋಯಿತು. ಅಷ್ಟು ವರ್ಷಗಳಾದ ಮೇಲೆ ಅವನು ತಂಗಿಗೆ ಆಡಿದ ಮಾತು ಇದು.

ಕತ್ತಲಾಗುವ ಮೊದಲು ಜೋಯಿಸ ತಾನಾಗಿ ಹಾಲಪ್ಪ ಮೇಷ್ಟ್ರ ಮನೆಯ ಬಾಗಿಲಿಗೆ ಹೋದ. ಹುಟ್ಟಿದಾಗಿನಿಂದ ಅವನು ಯಾರ ಬಾಗಿಲಲ್ಲೂ ಹಾಗೆ ತಲೆ ಬಗ್ಗಿಸಿ ನಿಂತಿರಲಿಲ್ಲ. ನಾಳೆ ನಾಲ್ಕು ಗಂಟೆಗೆ ನಿಮ್ಮ ಫೋನು ಕೊಡಿ ಎಂದು ಕೇಳಿದ. ಅದಕ್ಕೇನಂತೆ ಬನ್ನಿ ಎಂದರು ಅವರು. ಶೂಲೆಯಾದರೂ ಸರಿ, ಬೆಳಗಿನ ಬಸ್ಸಿಗೇ ಹೊರಟುಬಿಡಲೇ ಎಂದೂ ಅವರನ್ನೇ ಕೇಳಿದ. ದಿನ ಹೇಳುವವನು ದಿನ ಕೇಳುತ್ತಿದ್ದಾನಲ್ಲ ಎಂದು ಮೇಷ್ಟ್ರಿಗೆ ಕನಿಕರವಾಯಿತು. ಹೊರಡಿ ಎಂದರು. ಅವನು ಚೀಲ ಕಟ್ಟಿದ.

ಬುಧವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಾಗಿಲು ಎಳೆದುಕೊಳ್ಳುವಾಗ ಫೋನು ಬಂತು. ಅಮ್ಮ ಹೋದಳು ಎಂದಳು ಮೇದಿನಿ. ಅವಳ ದನಿಯಲ್ಲಿ ಅಳುವೂ ಉಳಿದಿರಲಿಲ್ಲ. ಇಲ್ಲಿ ಪುರೋಹಿತರು ಸಂಕಲ್ಪಕ್ಕೆ ತಿಥಿ ಕೇಳುತ್ತಿದ್ದಾರೆ, ಮುಂದೆ ವರ್ಷ ವರ್ಷ ಮಾಡುವುದಕ್ಕೂ ಬೇಕಂತೆ, ನಮ್ಮ ಪದ್ಧತಿ ನನಗೆ ಗೊತ್ತಿಲ್ಲ, ನೀವೇ ನೋಡಿ ಹೇಳಿ ಮಾವ ಎಂದಳು.

ತಂಗಿಗೆ ಅವನು ಮಾಡಬಹುದಾದ ಕೆಲಸ ಇನ್ನು ಅದೊಂದೇ. ಚೀಲ ಇಳಿಸದೆಯೇ ಒಳಗೆ ಬಂದು ಲ್ಯಾಪ್‌ಟಾಪು ತೆರೆದ. ನೆಟ್ ಬೇಕಿರಲಿಲ್ಲ, ಪಂಚಾಂಗ ಯಂತ್ರದ ಒಳಗೇ ಇತ್ತು. ಕಣ್ಣು ಮಂಜಾಗಿತ್ತು. ಕಂಡದ್ದನ್ನು ಕಂಡ ಹಾಗೆ ಓದಿದ. ವೈಶಾಖ ಮಾಸ, ಶುದ್ಧ ಪಕ್ಷ, ತ್ರಯೋದಶಿ, ಹಸ್ತಾ ನಕ್ಷತ್ರ.

"ಮಾವ, ಇದು ಆಷಾಢ ಅಲ್ವಾ?" ಎಂದಳು ಹುಡುಗಿ.

ಅವನು ಕಣ್ಣೊರೆಸಿಕೊಂಡು ನೋಡಿದ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಾರೀಖು ಇತ್ತು. ಪದ್ದಿಯ ಮದುವೆಯ ತಾರೀಖು. ಸೋಮವಾರ ಸಂಜೆ ತಿರುಗಿಸಿದವನು ಇವತ್ತಿಗೆ ತಂದಿಟ್ಟಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಪೇಟೆಗೆಲ್ಲ ದಿನ ನೋಡಿ ಹೇಳುವವನು ತನ್ನ ಕಣ್ಣ ಮುಂದಿನ ದಿನವನ್ನು ನೋಡಿರಲಿಲ್ಲ.

ಈ ಯಂತ್ರಗಳದ್ದೂ ಒಂದು ರೀತಿ ಇದೆ ಕಣಯ್ಯಾ. ಒಂದನ್ನೊಂದು ಮಾತಾಡಿಸುವ ಮೊದಲು ಗುರುತು ತೋರಿಸಿಕೊಳ್ಳುತ್ತವೆ. ಆ ಗುರುತು ಇಂಥ ದಿನದಿಂದ ಇಂಥ ದಿನದವರೆಗೆ ನಿಜ ಎಂದು ಅದರಲ್ಲೇ ಬರೆದಿರುತ್ತದೆ. ಅತ್ತಲಿಂದ ಪದ್ದಿಯ ಕರೆ ಬಂದು ಸರಿಯಾದ ಗುರುತನ್ನೇ ತೋರಿಸಿತು. ಇವನ ಯಂತ್ರ ಎಷ್ಟೋ ವರ್ಷ ಹಿಂದೆ ಕೂತಿತ್ತು. ಈ ಗುರುತು ಇನ್ನೂ ಹುಟ್ಟೇ ಇಲ್ಲ, ಇದನ್ನು ನಂಬಲಾರೆ ಎಂದಿತು. ಬಾಗಿಲು ಹಾಕಿಕೊಂಡದ್ದು ಆ ಕಡೆಯವರಲ್ಲ, ಗಾಳಿಯಲ್ಲ, ರಾಹುವಲ್ಲ. ಇವನದೇ ಯಂತ್ರ ಒಳಗಿನಿಂದ ಚಿಲಕ ಹಾಕಿಕೊಂಡಿತ್ತು.

ಅವನು ತಾರೀಖು ತಿದ್ದಿದ. ಇವತ್ತಿಗೆ ತಂದಿಟ್ಟ. ತಂದಿಟ್ಟದ್ದೇ ತಡ, ನೆಟ್ ಬಂತು. ಬೇರೆ ಏನನ್ನೂ ಮಾಡಬೇಕಾಗಲಿಲ್ಲ. ನಿನ್ನೆ ತೆರೆಯದ ಪುಟ ತೆರೆಯಿತು. ನಿಮಗಾಗಿ ಒಬ್ಬರು ಕಾಯುತ್ತಿದ್ದಾರೆ ಎಂಬ ನಿನ್ನೆಯ ಸಂದೇಶ ಅದರಲ್ಲಿತ್ತು. ಅದರ ಕೆಳಗೆ ಮತ್ತೊಂದು ಅದೇ, ಅದರ ಕೆಳಗೆ ಮತ್ತೊಂದು ಅದೇ.

"ಮಾವ, ತಿಥಿ?" ಎಂದು ಫೋನಿನಲ್ಲಿ ಹುಡುಗಿ ಕೇಳುತ್ತಲೇ ಇದ್ದಳು. ಅವನು ತೆರೆದ ಪುಟದ ಕಡೆ ಮುಖ ಮಾಡಿ, ತಪ್ಪು ನಂದು ಪದ್ದಿ, ತಪ್ಪು ನಂದು ಪದ್ದಿ ಎಂದು ಹೇಳುತ್ತಿದ್ದ. ಕೇಳಿಸಿಕೊಳ್ಳಬೇಕಾದವಳು ಅಲ್ಲಿರಲಿಲ್ಲ. ದನಿ ಕೇಳಿ ಮೇಷ್ಟ್ರು ಬಂದು ಫೋನು ತೆಗೆದುಕೊಂಡು, ಗೋಡೆಯ ಕ್ಯಾಲೆಂಡರು ನೋಡಿ ತಿಥಿ ಓದಿ ಹೇಳಿದರು. ಆ ಜೋಯಿಸ ಈಗಲೂ ಇದ್ದಾನೆ. ದಿನ ಕೇಳಲು ಯಾರಾದರೂ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಂದಿನ ಅವರೆಕಾಯಿ ಹಾಗೇ ಇತ್ತು, ಒಂದನ್ನೂ ಸುಲಿದಿರಲಿಲ್ಲ. ಅವನು, ಜೋಯಿಸ ಮಾಡಿದ ದೊಡ್ಡ ತಪ್ಪು ಯಾವುದು, ಹಿಂದೆ ಆಡಿದ ಆ ಮಾತೋ, ತಾರೀಖು ತಿದ್ದದೆ ಬಿಟ್ಟ ಈ ಮರೆವೋ ಎಂದು ಕೇಳಿದ.

ಗುರು ಅವನ ಮುಂದಿದ್ದ ಕಾಯನ್ನೆಲ್ಲ ತಮ್ಮ ಮೊರಕ್ಕೆ ಎಳೆದುಕೊಂಡರು.

"ಅದಿರಲಿ. ಇವತ್ತು ಎಷ್ಟನೇ ತಾರೀಖು, ಹೇಳು ನೋಡೋಣ."

ಶಿಷ್ಯ, ಅಣ್ಣ ಆ ಮಾತು ಅಂದ ದಿನದಿಂದ ಶುರುಮಾಡಿ ಬೆರಳು ಮಡಿಸಿ ಎಣಿಸತೊಡಗಿದ.